ವಿಸಿಲ್‌ಗೆ ನಿಂತವನು ಅವನೊಬ್ಬನೇ

ಅಮೆರಿಕಕ್ಕೆ ಹೋಗಿಬಂದವರೆಲ್ಲ ಆ ಕೆಂಪು ಸೇತುವೆಯ ಬಗ್ಗೆ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಹೋಗಿ ನೋಡಿದೆ, ಮಂಜು ಕವಿದು ಅರ್ಧವೇ ಕಂಡಿತು, ಗಾಳಿಗೆ ಕಿವಿ ನೋವು ಬಂತು, ವಾಪಸ್ ಬಂದೆ. ನಾನು ಬರೆಯಬೇಕಾಗಿರುವುದು ಒಬ್ಬ ಫ್ರೆಂಚ್ ಹುಡುಗನ ಎಡಗಾಲಿನ ಬಗ್ಗೆ. ರಜೆ ಮುಗಿದು ಶಾಲೆ ಶುರುವಾದರೆ ಮಕ್ಕಳ ಗಲಾಟೆಯಲ್ಲಿ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಖೋ ಖೋ, ಥ್ರೋಬಾಲ್, ಕಬಡ್ಡಿ, ಫುಟ್‌ಬಾಲ್ ಎಲ್ಲಕ್ಕೂ ರೆಫರಿ ನಾನೇ. ತಾಳಿ ಬಿಚ್ಚಿಟ್ಟು ಮರೆತರೂ ಮರೆತಾಳು, ವಿಸಿಲ್ ಮರೆಯುವವಳಲ್ಲ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ನೋಡಿದ ಅಧಿಕಾರಿಗೆ ನನ್ನ ಚಟ್ನಿಪುಡಿಗಿಂತ ವಿಸಿಲ್ ಮೇಲೆ ಹೆಚ್ಚು ಅನುಮಾನ ಬಂತು. ಊದಿ ತೋರಿಸಲೇ ಎಂದು ಕೇಳಿದೆ. ಬೇಡ ಬೇಡ ಎಂದು ಕೈ ಆಡಿಸಿ ಕಳಿಸಿಬಿಟ್ಟ.

ಮಾರ್ಗನ್ ಹಿಲ್

ನನ್ನ ತಂಗಿ ಶೋಭಾ, ಅವಳ ಗಂಡ ಪ್ರಸನ್ನ, ಹೈಸ್ಕೂಲು ಓದುವ ಮಗಳು ಅನ್ವಿ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ದಕ್ಷಿಣದ ಕೊನೆಯಲ್ಲಿ, ಮಾರ್ಗನ್ ಹಿಲ್‌ನಲ್ಲಿ. ಸುತ್ತ ಗುಡ್ಡಗಳಿವೆ, ನಮ್ಮ ಕಡೆ ಸುಗ್ಗಿ ಮುಗಿದ ಹೊಲದ ಬಣ್ಣ ಅವಕ್ಕೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಾಲಿಗೆ ಏನೋ ಚುಚ್ಚಿ ಮುಗ್ಗರಿಸಿದೆ. ನೋಡಿದರೆ ಅಡಿಯೆಲ್ಲ ಮುಳ್ಳುಮುಳ್ಳಾಗಿದ್ದ ಒಂದು ಜೊತೆ ಬೂಟು, ಮೇಲೆ ಹಸಿ ಮಣ್ಣು.

"ಯಾರದ್ದೇ ಇದು, ಲಾಳ ಹೊಡೆದ ಬೂಟು?" ಎಂದು ಕೂಗಿದೆ.

ಮಹಡಿಯಿಂದ ಒಬ್ಬ ಉದ್ದನೆಯ ಹುಡುಗ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಬಂದ. ತಲೆಯಿಂದ ನೀರು ಇಳಿಯುತ್ತಿತ್ತು. ಬೂಟನ್ನು ಎತ್ತಿ ಎದೆಗೆ ಅವುಚಿಕೊಂಡು, "ನಮಸ್ಕಾರ ದೊಡ್ಡಮ್ಮ, ಸಾರಿ ದೊಡ್ಡಮ್ಮ" ಎಂದ. ಅನ್ವಿ ಹೇಳಿಕೊಟ್ಟಿದ್ದಂತೆ. ಅವನು ರೆಮಿ.

ಅಲ್ಲಿಯ ಚಿಕ್ಕ ಫುಟ್‌ಬಾಲ್ ಕ್ಲಬ್ಬುಗಳಿಗೆ ಒಂದು ಪದ್ಧತಿ ಇದೆ. ಹೊರದೇಶದಿಂದ ಆಟಗಾರರನ್ನು ಕರೆಸಿಕೊಳ್ಳುತ್ತವೆ, ಮನೆ ಮಾತ್ರ ಮಾಡಿಕೊಡುವುದಿಲ್ಲ. ಊರಿನವರ ಮನೆಯಲ್ಲಿ ಒಂದು ಕೋಣೆ ಕೇಳುತ್ತವೆ. ಕೊಟ್ಟವರಿಗೆ ಪಂದ್ಯ ನೋಡಲು ಪುಕ್ಕಟೆ ಟಿಕೆಟ್ಟು, ಕ್ಲಬ್ಬಿನ ಟೀಶರ್ಟು. ಹೋಸ್ಟ್ ಫ್ಯಾಮಿಲಿ ಅನ್ನುತ್ತಾರಂತೆ. ನಮ್ಮಜ್ಜ ವಾರಾನ್ನದ ಹುಡುಗರ ಕಥೆ ಹೇಳುತ್ತಿದ್ದರು, ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಉಂಡು ಓದಿದವರದ್ದು. ಆ ಹುಡುಗರು ಮನೆಯವರ ಮುಂದೆ ತಲೆ ಎತ್ತಿ ಮಾತಾಡುತ್ತಿರಲಿಲ್ಲವಂತೆ. ರೆಮಿಯೂ ಹಾಗೇ ಇದ್ದ. ಊಟ ಆದ ಮೇಲೆ ತನ್ನ ತಟ್ಟೆಯಷ್ಟೇ ಅಲ್ಲ, ನಮ್ಮೆಲ್ಲರ ತಟ್ಟೆಯನ್ನೂ ತೊಳೆದಿಡುತ್ತಿದ್ದ.

ಊಟದ ಮೇಜು

ಅವನ ಕಥೆ ನನಗೆ ಚೂರುಚೂರಾಗಿ ಊಟದ ಮೇಜಿನಲ್ಲೇ ಸಿಕ್ಕಿತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫ್ರಾನ್ಸಿನ ಉತ್ತರಕ್ಕೆ ಹಳೆಯ ಕಲ್ಲಿದ್ದಲ ಗಣಿಗಳ ಊರು. ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಒಂದು ದೊಡ್ಡ ಕ್ಲಬ್ಬಿನ ಅಕಾಡೆಮಿ ಅವನನ್ನು ಕರೆದುಕೊಂಡು ಹೋಯಿತು. ಅಲ್ಲೇ ಊಟ, ಅಲ್ಲೇ ಶಾಲೆ, ಅಲ್ಲೇ ನಿದ್ದೆ. ಹದಿನೆಂಟು ತುಂಬಿದಾಗ ತಾಯಿಯನ್ನೂ ಕರೆಸಿ ಕೂರಿಸಿ, ನೀನು ಒಳ್ಳೆಯ ಹುಡುಗ, ಆದರೆ ಬೇಡ ಎಂದರು. ಆಮೇಲೆ ಬೆಲ್ಜಿಯಂನಲ್ಲಿ ಒಂದು ಕ್ಲಬ್ಬಿನ ಬೆಂಚು, ಆಡಿದ್ದಕ್ಕಿಂತ ಕೂತದ್ದೇ ಹೆಚ್ಚು. ಅದಾದ ಮೇಲೆ ಫಿನ್‌ಲೆಂಡಿನಲ್ಲಿ ಒಂದು ವರ್ಷ, ಅಲ್ಲಿ ಹಿಮ ಗುಡಿಸಿ ಆಡಬೇಕಿತ್ತಂತೆ. ಅಲ್ಲಿಂದ ಇಲ್ಲಿಗೆ.

"ನಿನ್ನ ಜಾಗ ಯಾವುದು?" ಎಂದು ಕೇಳಿದೆ.

"ಎಡಗಡೆ ಡಿಫೆನ್ಸು. ಎಡಗಾಲು ಚೆನ್ನಾಗಿರುವವರು ಕಡಿಮೆ. ಅದೊಂದೇ ನನ್ನ ಬಂಡವಾಳ" ಎಂದು ನಕ್ಕ.

ಅಷ್ಟರಲ್ಲಿ ಶೋಭಾ ಇನ್ನೊಂದು ದೋಸೆ ತಂದಳು. "ಸಾಕು" ಎಂದ ರೆಮಿ. ಅವನು ಕಲಿತ ಮೊದಲ ಕನ್ನಡ ಪದ ಅದು, ಕಲಿಯದೆ ಬೇರೆ ದಾರಿಯೇ ಇರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಆ ಮಾತಿಗೆ ಯಾರು ನಿಲ್ಲುತ್ತಾರೆ? ಮೊದಲ ಸಾಕು ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಲ್ಲೇ ತುಪ್ಪ ಬಿಡುವವರು ನಾವು. ದೋಸೆ ಅವನ ತಟ್ಟೆಗೆ ಬಿತ್ತು. ತಿಂದ. ಪ್ರಸನ್ನ ಅವನ ಬೆನ್ನು ತಟ್ಟಿ, "ಇವ್ನು ನಮ್ಮನೇವ್ನೇ ಆಗೋಗ್ಬಿಟ್ಟ ಅಕ್ಕಾ, ನಮ್ ಥರಾನೇ ಸಂಕೋಚ ಇವ್ನಿಗೆ" ಎಂದ. ಪ್ರಸನ್ನ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಹೇಳುವ ತಾಳ್ಮೆ ನನಗೆ ಇರುವುದಿಲ್ಲ.

ಫ್ರೀವೇ

ಒಂದು ಬೆಳಿಗ್ಗೆ ಶೋಭಾ ರೆಮಿಯನ್ನು ಅಭ್ಯಾಸಕ್ಕೆ ಬಿಡಲು ಹೊರಟಾಗ ನಾನೂ ಕಾರು ಹತ್ತಿದೆ. ಫ್ರೀವೇ ಎನ್ನುವ ಹೆದ್ದಾರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಕಾರುಗಳು, ಎಲ್ಲರೂ ಒಬ್ಬೊಬ್ಬರೇ ಕೂತು ಸ್ಟಿಯರಿಂಗ್ ಹಿಡಿದು ಮುಖ ಗಂಟು ಹಾಕಿಕೊಂಡಿದ್ದರು. ಒಬ್ಬನೂ ಹಾರ್ನ್ ಮಾಡಲಿಲ್ಲ. ನನಗೆ ಅದೇ ಭಯವಾಯಿತು, ಇಷ್ಟು ಜನ ಇಷ್ಟು ಸಿಟ್ಟನ್ನು ಎಲ್ಲಿಟ್ಟುಕೊಂಡಿರುತ್ತಾರೆ ಎಂದು.

ಮುಂದಿನ ಶನಿವಾರದ ಪಂದ್ಯ ನೋಡಲು ಮೇಲಿನ ಲೀಗಿನ ಒಂದು ಕ್ಲಬ್ಬಿನವರು ಬರುತ್ತಾರೆ ಎಂದು ರೆಮಿ ಕಾರಿನಲ್ಲಿ ಹೇಳಿದ. ಬರುವುದೇ ಅವನನ್ನು ನೋಡಲು. ಈ ಕ್ಲಬ್ಬಿನ ಜೊತೆಗಿನ ಒಪ್ಪಂದ ಈ ಸೀಸನ್ನಿಗೆ ಮುಗಿಯುತ್ತದೆ. ವೀಸಾ ಇರುವುದು ಕ್ಲಬ್ಬಿನ ಹೆಸರಲ್ಲಿ. ಕ್ಲಬ್ಬು ಕೈಬಿಟ್ಟರೆ ಗಂಟುಮೂಟೆ ಕಟ್ಟಬೇಕು.

"ಊರಿಗೆ ವಾಪಸ್ ಹೋದರೆ?" ಎಂದೆ.

"ಬರಿಗೈಯಲ್ಲಿ ಹೋದರೆ ನನ್ನ ಕಥೆ ಮುಗಿದ ಹಾಗೆ. ಮೂರು ದೇಶ ಸುತ್ತಿ ಬಂದವನನ್ನು ಅಲ್ಲಿ ಯಾರೂ ಕರೆಯುವುದಿಲ್ಲ."

ಮೈದಾನದ ಬೇಲಿಗೆ ಒರಗಿ ಅಭ್ಯಾಸ ನೋಡಿದೆ. ಕೋಚು ದಪ್ಪ ಕುತ್ತಿಗೆಯ ಮನುಷ್ಯ. ಅವನು ವಿಸಿಲ್ ಊದಿದ ಕ್ಷಣ ಇಡೀ ಮೈದಾನ ನಿಂತುಬಿಡುತ್ತಿತ್ತು. ಓಡುತ್ತಿದ್ದವನು ನಿಂತ, ಒದೆಯಲು ಕಾಲೆತ್ತಿದ್ದವನು ಕಾಲಿಳಿಸಿದ. ರೆಮಿ ಚೆಂಡನ್ನು ಎಡಗಾಲಿನ ಕೆಳಗಿಟ್ಟುಕೊಂಡು ಮುಂದಿನ ಮಾತಿಗೆ ಕಾಯುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಊರಿನಲ್ಲಿ ನಾನು ವಿಸಿಲ್ ಊದಿದರೆ ಮೊದಲು ಆಟ ಮುಗಿಯುತ್ತದೆ, ಆಮೇಲೆ ವಾದ ಶುರುವಾಗುತ್ತದೆ, ವಾದ ಮುಗಿದ ಮೇಲೆ ವಿಸಿಲ್ ಕೇಳಿಸುತ್ತದೆ.

ಸ್ಯಾನ್ ಮಟಿಯೋ

ಆ ಭಾನುವಾರ ಸ್ಯಾನ್ ಮಟಿಯೋದ ಒಂದು ಪಾರ್ಕಿನಲ್ಲಿ ಕನ್ನಡದವರ ಪಿಕ್‌ನಿಕ್ಕು. ದೊಡ್ಡ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತ್, ಕೂಲರ್ ತುಂಬ ಮಜ್ಜಿಗೆ. ಊಟ ಆದ ಮೇಲೆ ಮಂಡ್ಯ ಮತ್ತು ಹಾಸನದವರ ನಡುವೆ ಫುಟ್‌ಬಾಲ್ ಪಂದ್ಯ, ಪ್ರತಿವರ್ಷದ ವಾಡಿಕೆ. ಮೈದಾನ ನೋಡಿ ನಾನು ಬೆಚ್ಚಿದೆ. ನೆಲದಡಿ ಬದುಕುವ ಯಾವುದೋ ಹೆಗ್ಗಣದ ಜಾತಿಯ ಪ್ರಾಣಿ ಅಲ್ಲಲ್ಲಿ ಬಿಲ ತೋಡಿಟ್ಟಿತ್ತು.

ಮಂಡ್ಯ ತಂಡದ ನಾಯಕ ಶಿವು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧದ ಲ್ಯಾಬಿನಲ್ಲಿ ದೊಡ್ಡ ಕೆಲಸ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಅವನು ರೆಮಿಯ ಹೆಗಲ ಮೇಲೆ ಕೈ ಹಾಕಿದ. ಎದುರಾಳಿ ಹಾಸನದ ಕಡೆ ಒಬ್ಬ ಕಡಿಮೆ ಇದ್ದಾನೆ, ನೀನು ಬಾ ಎಂದ.

"ನನಗೆ ಆಗುವುದಿಲ್ಲ. ಒಪ್ಪಂದದಲ್ಲಿ ಬೇರೆ ಎಲ್ಲೂ ಆಡುವ ಹಾಗಿಲ್ಲ" ಎಂದ ರೆಮಿ.

"ಇದೇನ್ ಮ್ಯಾಚಾ? ಫ್ಯಾಮಿಲಿ ಆಟ ಕಣಪ್ಪಾ! ಜಸ್ಟ್ ಟೆನ್ ಮಿನಿಟ್ಸು!"

"ಇಲ್ಲ, ದಯವಿಟ್ಟು. ಶನಿವಾರ ನನಗೆ ಮುಖ್ಯ."

ಪ್ರಸನ್ನನೂ ಸೇರಿಕೊಂಡ. "ಕಮಾನ್ ರೆಮಿ, ಎಲ್ರೂ ನಿನ್ನ ನೋಡಕ್ಕೇ ಬಂದಿರೋದು. ನಾನು ಎಲ್ರಿಗೂ ಹೇಳ್ಬಿಟ್ಟಿದೀನಿ."

"ಬಿಡ್ರೋ ಅವನನ್ನ, ಬೇಡ ಅಂತಿದಾನಲ್ಲ" ಎಂದೆ ನಾನು.

"ಸಂಕೋಚ ಅಕ್ಕಾ ಅವ್ನಿಗೆ. ನಿಮಗ್ ಗೊತ್ತಿಲ್ವಾ?" ಎಂದು ಪ್ರಸನ್ನ ನಕ್ಕ.

"ಅಪ್ಪಾ, ಹಿ ಸೆಡ್ ನೋ!" ಎಂದಳು ಅನ್ವಿ. ಅಲ್ಲಿ ಹುಟ್ಟಿದ ಮಗು. ಇಲ್ಲ ಎಂದರೆ ಇಲ್ಲ ಎಂದು ತಿಳಿಯುವಷ್ಟು ಬುದ್ಧಿ ಅವಳೊಬ್ಬಳಿಗೇ ಇತ್ತು. ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎಂದು ಗದರಿಸಿಕೊಂಡಳು.

ರೆಮಿ ಪ್ರಸನ್ನನ ಮುಖ ನೋಡಿದ. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಆಟಗಾರನ ನೋಟವಲ್ಲ, ಬೇರೆಯವರ ಮನೆಯಲ್ಲಿ ಉಣ್ಣುವವನ ನೋಟ. ಮೂರನೆಯ ಸಲ ಮೆಲ್ಲಗೆ ನೋ ಎಂದ. ಅಷ್ಟರಲ್ಲಿ ಯಾರೋ ಅವನ ಕೈಗೆ ಹಾಸನದವರ ಹಳದಿ ಬನಿಯನ್ ತುರುಕಿದ್ದರು.

ಇನ್ನು ತಡೆಯಲಾಗುವುದಿಲ್ಲ ಎಂದು ಗೊತ್ತಾಗಿ ನಾನು ವಿಸಿಲ್ ಕೊರಳಿಗೆ ಹಾಕಿಕೊಂಡೆ. "ರೆಫರಿ ನಾನು. ಅವನ ಮೈ ಮುಟ್ಟಿದ್ರೆ ಆಟ ಅಲ್ಲಿಗೇ ಬಂದ್" ಎಂದೆ. ಆಯ್ತು ಮೇಡಂ, ಆಯ್ತಕ್ಕಾ ಎಂದು ಎಲ್ಲರೂ ಕೋಲೆ ಬಸವನ ಹಾಗೆ ತಲೆಯಾಡಿಸಿದರು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ರೆಮಿ ಓಡದೆ, ನಿಂತಲ್ಲಿಂದಲೇ ಮಕ್ಕಳಿಗೆ ಚೆಂಡು ಕೊಡುತ್ತಿದ್ದ. ಆಗ ಯಾರದೋ ಪುಟ್ಟ ಮಗು ಬಲೂನಿನ ಹಿಂದೆ ಮೈದಾನದೊಳಕ್ಕೆ ಓಡಿ ಬಂತು. ನಾನು ಶಕ್ತಿಯೆಲ್ಲ ಹಾಕಿ ವಿಸಿಲ್ ಊದಿದೆ. ರೆಮಿ ನಿಂತ. ಚೆಂಡು ಎಡಗಾಲಿನ ಕೆಳಗೆ, ಕಣ್ಣು ನನ್ನ ಕಡೆ. ಅವನ ಹಿಂದಿನಿಂದ ಶಿವು ಗೂಳಿಯ ಹಾಗೆ ಬರುತ್ತಿದ್ದ. ಇನ್ನೊಮ್ಮೆ ಊದಿದೆ. ಶಿವು ನಿಲ್ಲಲಿಲ್ಲ. ಜಾರಿಕೊಂಡು ಬಂದು, ಇಡೀ ಮೈಭಾರವನ್ನು ಆ ಎಡಗಾಲಿನ ಮೇಲೆ ಹಾಕಿದ.

ರೆಮಿ ಕಿರುಚಲಿಲ್ಲ. ಹುಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಕಾಲಿನ ಹರಡು ಹಿಡಿದುಕೊಂಡು, ಫ್ರೆಂಚಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ವಿಸಿಲ್ ಕೇಳಿಸ್ಲಿಲ್ವೇನಯ್ಯ ನಿಂಗೆ?" ಎಂದು ಶಿವುವಿನ ಮೇಲೆ ಎಗರಿದೆ.

"ಕೇಳಿಸ್ತು ಅಕ್ಕಾ. ಬಾಲು ಸಿಗೋ ಹಂಗಿತ್ತು, ಅದಕ್ಕೇ... ಫ್ರೆಂಡ್ಲಿ ಮ್ಯಾಚ್ ಅಲ್ವಾ?"

ಸೌತ್ ಸ್ಯಾನ್ ಫ್ರಾನ್ಸಿಸ್ಕೋ

ಹತ್ತಿರದಲ್ಲಿದ್ದದ್ದು ಶಿವುವಿನ ಮನೆ. ಅವನದೇ ದೊಡ್ಡ ಗಾಡಿಯಲ್ಲಿ ರೆಮಿಯನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ ನಾನೂ ಹತ್ತಿದೆ, ಪ್ರಸನ್ನ ಅನ್ವಿಯ ಜೊತೆ ತನ್ನ ಕಾರಿನಲ್ಲಿ ಹಿಂದೆ ಬಂದ. ಶಿವುವಿನ ಮನೆಯ ಸುತ್ತಲಿನ ಬೀದಿಗಳಲ್ಲಿ ಮೂಲೆಮೂಲೆಗೂ ಸ್ಟಾಪ್ ಎಂದು ಕೆಂಪು ಬೋರ್ಡು. ಒಂದು ನರಪಿಳ್ಳೆಯೂ ಇಲ್ಲ, ನಾಯಿಯೂ ಇಲ್ಲ. ಶಿವು ಪ್ರತಿಯೊಂದಕ್ಕೂ ಪೂರ್ತಿ ನಿಲ್ಲಿಸಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಮುಂದೆ ಹೋದ. ನನಗೆ ತಡೆಯಲಾಗಲಿಲ್ಲ.

"ಖಾಲಿ ರಸ್ತೇಲಿ ತಗಡಿನ ಬೋರ್ಡಿಗೆ ನಿಲ್ತೀಯ. ಎದುರಿಗೆ ನಿಂತು ಊದಿದ್ರೆ ನನ್ನ ಮಾತಿಗೆ ನಿಲ್ಲಲ್ಲ. ನಾನು ನಿಮ್ಮೂರವಳು ಅಂತಾನಾ?"

"ಇಲ್ಲಿ ನಿಲ್ಲಿಸ್ದಿದ್ರೆ ಟಿಕೆಟ್ ಹಾಕ್ತಾರೆ ಅಕ್ಕಾ, ದಂಡ ಕಟ್ಬೇಕು" ಎಂದ. ಸುಳ್ಳು ಹೇಳದೆ ನಿಜ ಹೇಳಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಮನೆಯಲ್ಲಿ ಐಸ್ ಇರಲಿಲ್ಲ. ಫ್ರೀಜರಿನಲ್ಲಿ ಇಂಡಿಯನ್ ಗ್ರೋಸರಿಯಿಂದ ತಂದಿಟ್ಟ ಹಿತಕಿದ ಅವರೆಬೇಳೆಯ ಪ್ಯಾಕೆಟ್ಟಿತ್ತು, ಅದನ್ನೇ ಹರಡಿಗೆ ಕಟ್ಟಿದೆ. ಕಾಲು ಕಣ್ಣೆದುರೇ ಊದಿಕೊಳ್ಳುತ್ತಿತ್ತು. ನನ್ನ ಶಾಲೆಯ ಮಕ್ಕಳ ಇಂಥ ಎಷ್ಟೋ ಕಾಲು ನೋಡಿದ್ದೇನೆ. ಶನಿವಾರ ಈ ಕಾಲು ಮೈದಾನಕ್ಕೆ ಇಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ಗಂಡಸರಿಬ್ಬರೂ ಅಡುಗೆಮನೆಯಲ್ಲಿ ನಿಂತು ಮಂತ್ರಾಲೋಚನೆ ಶುರುಮಾಡಿದರು. ಕಾಫಿ ಬೇರೆ.

"ಕ್ಲಬ್ಬಿನೋರಿಗೆ ಮನೇಲಿ ಮೆಟ್ಲಿಂದ ಜಾರ್ದ ಅಂತ ಹೇಳಿದ್ರೆ ಆಯ್ತು" ಎಂದ ಪ್ರಸನ್ನ. "ನಾವೆಲ್ಲ ಸಾಕ್ಷಿ ಹೇಳಣ. ನಮ್ಮ ಪಿಕ್‌ನಿಕ್ ವಿಷ್ಯ ಬರೋದೇ ಬೇಡ."

"ನಮ್ಮೋರ ಹೆಸ್ರು ಯಾಕೆ ಹಾಳಾಗ್ಬೇಕು" ಎಂದ ಶಿವು.

ನಾನು ಕಾಫಿ ಲೋಟವನ್ನು ಕುಕ್ಕಿದೆ. "ಹೆಸರಂತೆ ಹೆಸರು! ಅವನ ಕಾಲು ಹೋಯ್ತು, ನಿಮಗೆ ಹೆಸರಿನ ಚಿಂತೆ. ಆಡಿಸಿದ್ದೂ ನೀವೇ, ಒದ್ದಿದ್ದೂ ನೀವೇ, ಈಗ ಸುಳ್ಳು ಹೇಳೋಕೆ ಮಾತ್ರ ಅವನು ಬೇಕು?"

"ನೀವು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಅಕ್ಕಾ. ಅವ್ನ ಒಳ್ಳೇದಕ್ಕೇ ಹೇಳ್ತಿರೋದು."

ಸೋಫಾದಿಂದ ರೆಮಿ ಎಲ್ಲವನ್ನೂ ನೋಡುತ್ತಿದ್ದ. ಪ್ರಸನ್ನ ಹೋಗಿ ಮೆಟ್ಟಿಲಿನ ಕಥೆಯನ್ನು ಇಂಗ್ಲಿಷಿನಲ್ಲಿ ವಿವರಿಸಿದ. "ನೀವು ಹೇಳಿದ ಹಾಗೆ" ಎಂದ ರೆಮಿ.

ಆಗ ಅನ್ವಿ ಫೋನಿನಿಂದ ತಲೆ ಎತ್ತಿದಳು. "ಅಪ್ಪಾ, ಇಟ್ಸ್ ಆಲ್ರೆಡಿ ಆನ್‌ಲೈನ್."

ಆನ್‌ಲೈನಿಗೆ ಹಾಕಿದ್ದು ಪ್ರಸನ್ನನೇ. ಆಟ ಶುರುವಾದಾಗಿನಿಂದ ಫೋನಿನಲ್ಲಿ ವಿಡಿಯೋ ಹಿಡಿದು ಹೆಮ್ಮೆಯಲ್ಲಿ ಲೈವ್ ಬಿಟ್ಟಿದ್ದ, ನಮ್ಮನೆ ಹುಡುಗ ರೆಮಿ ಎಂದು ಕ್ಲಬ್ಬಿನ ಹೆಸರನ್ನೂ ಅಂಟಿಸಿದ್ದ. ಕೆಳಗೆ ಚಪ್ಪಾಳೆ, ಹೃದಯ, ಬೆಂಕಿಯ ಚಿತ್ರಗಳು. ಗಾಬರಿಯಿಂದ ಅಳಿಸಿದ. ಅಷ್ಟರಲ್ಲಿ ಸುತ್ತಮುತ್ತಲಿನ ಕನ್ನಡದವರ ಗುಂಪುಗಳಲ್ಲೆಲ್ಲ ಅದು ಓಡಾಡುತ್ತಿತ್ತು.

ಕ್ಲಬ್ಬಿನ ಮೈದಾನ

ಸೋಮವಾರ ಬೆಳಿಗ್ಗೆ ಕೋಚ್‌ನ ಕೋಣೆಯಲ್ಲಿ ರೆಮಿ, ಪ್ರಸನ್ನ, ನಾನು. ನನ್ನನ್ನು ಯಾರೂ ಕರೆದಿರಲಿಲ್ಲ, ಕಾರಿನಲ್ಲಿ ಮೊದಲೇ ಹೋಗಿ ಕೂತಿದ್ದೆ. ಡಾಕ್ಟರು ನೋಡಿಯಾಗಿತ್ತು. ಲಿಗಮೆಂಟು ಹರಿದಿತ್ತು, ತಿಂಗಳುಗಟ್ಟಲೆ ಆಟವಿಲ್ಲ.

ಕೋಚು ಏನೂ ಕೇಳದೆ ತನ್ನ ಫೋನನ್ನು ಮೇಜಿನ ಮೇಲಿಟ್ಟು ವಿಡಿಯೋ ಹಾಕಿದ. ಅದರಲ್ಲಿ ನನ್ನ ವಿಸಿಲ್ ಕಿವಿ ಸೀಳುವ ಹಾಗೆ ಕೇಳಿಸಿತು. ರೆಮಿ ನಿಂತದ್ದು ಕಾಣಿಸಿತು. ಎರಡನೆಯ ವಿಸಿಲ್. ಆಮೇಲೆ ಶಿವು.

"ಊದಿದ್ದು ಯಾರು?" ಎಂದ ಕೋಚು.

"ನಾನು" ಎಂದೆ.

ಅವನು ಮತ್ತೊಮ್ಮೆ ನೋಡಿದ. ನಿಂತ ಹುಡುಗನನ್ನೇ ನೋಡುತ್ತಿದ್ದ. "ವಿಸಿಲ್‌ಗೆ ನಿಲ್ಲುವ ಅಭ್ಯಾಸ ಬಿಡಲಿಲ್ಲ ನೀನು" ಎಂದು ರೆಮಿಗೆ ಹೇಳಿದ. ಆಮೇಲೆ, "ಆಡುವುದಿಲ್ಲ ಎಂದು ಯಾಕೆ ಹೇಳಲಿಲ್ಲ?" ಎಂದ.

"ಮೂರು ಸಲ ಹೇಳಿದೆ."

"ಮತ್ತೆ?"

ರೆಮಿ ಪ್ರಸನ್ನನ ಕಡೆ ನೋಡಲಿಲ್ಲ. "ಅವರ ಮನೆಯಲ್ಲಿ ಊಟ ಮಾಡುತ್ತೇನೆ" ಎಂದ.

ಪ್ರಸನ್ನ ನೆಲ ನೋಡಿದ. ಕೋಚು ಒಪ್ಪಂದದ ಮಾತೆತ್ತಿದ. ಹೊರಗಡೆ ಆಡಿ ಗಾಯ ಮಾಡಿಕೊಂಡರೆ ಕ್ಲಬ್ಬಿಗೆ ಹೊಣೆಯಿಲ್ಲ, ಒಪ್ಪಂದ ಇಲ್ಲಿಗೇ ಮುಗಿಸಲು ಕ್ಲಬ್ಬಿನ ಮೇಲಿನವರು ಆಗಲೇ ನಿರ್ಧಾರ ಮಾಡಿದ್ದಾರೆ ಎಂದ. ನನ್ನ ಹರಕುಮುರುಕು ಇಂಗ್ಲಿಷ್ ಆ ಹೊತ್ತಿಗೆ ಎಲ್ಲಿಂದಲೋ ಧೈರ್ಯ ತಂದುಕೊಂಡಿತು.

"ನಿಮ್ಮ ಆಟಗಾರನಿಗೆ ಒಂದು ಕೋಣೆ ಮಾಡಿಕೊಡುವ ಯೋಗ್ಯತೆ ನಿಮಗಿಲ್ಲ. ಕಂಡವರ ಮನೆಗೆ ಊಟಕ್ಕೆ ಬಿಟ್ಟಿರಿ. ಆ ಮನೆಯವರಿಗೆ ಇಲ್ಲ ಅನ್ನು ಎಂದೂ ಹೇಳುತ್ತೀರಿ. ಅನ್ನ ಹಾಕಿದವರಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ, ನಿಮಗೆ ಗೊತ್ತಾ?" ಎಂದೆ.

"ನೀವು ಹೇಳುವುದು ಸರಿ" ಎಂದ ಕೋಚು. "ನಾನು ಇದನ್ನೇ ಅವರಿಗೂ ಹೇಳಿದೆ. ಕೇಳಲಿಲ್ಲ."

ಬೈಯಲು ಬಂದವಳಿಗೆ ಎದುರಿನವನೂ ಕೈಲಾಗದವನೇ ಎಂದು ಗೊತ್ತಾದರೆ ಸಿಟ್ಟನ್ನು ಎಲ್ಲಿ ಹಾಕಬೇಕು? ಅದನ್ನು ಹಾಗೇ ಮಾರ್ಗನ್ ಹಿಲ್‌ಗೆ ವಾಪಸ್ ತಂದೆ. ಶನಿವಾರ ನೋಡಲು ಬಂದವರು ಎಡಗಡೆ ಆಡಿದ ಇನ್ನೊಬ್ಬನನ್ನು ನೋಡಿಕೊಂಡು ಹೋದರಂತೆ.

ಮತ್ತೆ ಊಟದ ಮೇಜು

ರೆಮಿ ಹೊರಡುವ ದಿನ ಮಧ್ಯಾಹ್ನ ಶೋಭಾ ಹಬ್ಬದಡುಗೆ ಮಾಡಿದ್ದಳು. ಮಾಡುತ್ತ ಅಳುತ್ತಿದ್ದಳು. ಪ್ರಸನ್ನ ಸೂಟ್‌ಕೇಸನ್ನು ತಾನೇ ಕೆಳಗಿಳಿಸಿದ. ಆ ವಾರವೆಲ್ಲ ಅವನು ರೆಮಿಗೆ ಸಾರಿ ಎಂದು ಹೇಳಿ ಹೇಳಿ, ಪರವಾಗಿಲ್ಲ ಎಂದು ಹೇಳುವ ಕಷ್ಟವನ್ನೂ ಆ ಹುಡುಗನಿಗೇ ಕೊಟ್ಟಿದ್ದ. ಊರುಗೋಲನ್ನು ಕುರ್ಚಿಗೆ ಒರಗಿಸಿ ರೆಮಿ ಊಟಕ್ಕೆ ಕೂತ. ನಿನ್ನ ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. ಬರುತ್ತೇನೆ ಎಂದಷ್ಟೇ ಹೇಳಿದ್ದೇನೆ, ಯಾಕೆ ಎಂದು ಹೇಳಿಲ್ಲ ಎಂದ.

ಅಷ್ಟರಲ್ಲಿ ಶಿವು ಬಂದ. ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಕಣ್ಣು ಕೆಂಪಾಗಿತ್ತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನೇರ ಮೇಜಿನ ಹತ್ತಿರ ಬಂದು, ಒಂದು ತುಂಡು ತೆಗೆದು ರೆಮಿಯ ಬಾಯಿಯ ಹತ್ತಿರ ಹಿಡಿದ.

"ಸಾಕು" ಎಂದ ರೆಮಿ.

"ಒಂದೇ ಒಂದು ಕಣೋ. ನನ್ ಮೇಲೆ ಕೋಪ ಇಲ್ಲ ಅಂದ್ರೆ ತಿನ್ನು."

"ಸಾಕು."

"ಏ, ನಮ್ಮೂರ್ ಸ್ವೀಟು, ಬೇಡ ಅನ್ಬಾರ್ದು..." ಎಂದು ಶಿವು ಅವನ ಗದ್ದಕ್ಕೆ ಕೈ ಹಾಕಿದ. ಶೋಭಾಳೂ ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಅನ್ನದ ಸೌಟು ಎತ್ತಿದ್ದಳು. ಪ್ರಸನ್ನ ತುಪ್ಪದ ಬಟ್ಟಲಿಗೆ ಕೈ ಚಾಚಿದ್ದ. ರೆಮಿ ಎರಡೂ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟು, ಬಾಯಿ ಬಿಗಿದುಕೊಂಡು ಕೂತಿದ್ದ.

ನಾನು ಎದ್ದು ಹೋಗಿ ಕೈಚೀಲದಿಂದ ವಿಸಿಲ್ ತೆಗೆದು, ಆ ಊಟದ ಮನೆಯೊಳಗೆ, ಗಾಜಿನ ಲೋಟಗಳು ಅದುರುವ ಹಾಗೆ ಊದಿದೆ.

ಎಲ್ಲರೂ ನಿಂತರು. ಶಿವುವಿನ ಕೈ ಗಾಳಿಯಲ್ಲಿ ನಿಂತಿತು, ಸೌಟು ನಿಂತಿತು, ತುಪ್ಪದ ಬಟ್ಟಲು ನಿಂತಿತು. ಮೈಸೂರು ಪಾಕಿನ ಪುಡಿ ಮೇಜಿನ ಮೇಲೆ ಉದುರಿತು.

ರೆಮಿ ಒಬ್ಬೊಬ್ಬರ ಕೈಯನ್ನೂ ನೋಡಿದ. ಆಮೇಲೆ ತಟ್ಟೆಯಲ್ಲಿದ್ದ ಅನ್ನವನ್ನು ತಿಂದು ಮುಗಿಸಿ, ಊರುಗೋಲು ತೆಗೆದುಕೊಂಡು ಎದ್ದ. ಆವತ್ತು ತಟ್ಟೆ ತೊಳೆಯಲಿಲ್ಲ.